ಮೇಲಿನ ದಾರದ ಎಣಿಕೆ

“ನೀವಂದ್ರ ನಮಗ ಬಾಳ ಜೀವ ರಿ ಅಕ್ಕಾ” ಎಂದು ಯಾರಾದರೂ ಕೈ ಹಿಡಿದು ಹೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಜೀವವಂತೆ ಜೀವ! ಎಷ್ಟನೇ ಜೀವ ಎಂದು ಕೇಳಿಬಿಡಬೇಕು ಎನಿಸುತ್ತದೆ. ಕೇಳುವುದಿಲ್ಲ, ಚಹಾ ಮಾಡಿಕೊಟ್ಟು ಕಳಿಸುತ್ತೇನೆ. ಇದೇನು ನನ್ನ ಹುಟ್ಟುಗುಣವಲ್ಲ. ಬೀದರಿನಲ್ಲಿ ಒಂದು ಮಧ್ಯಾಹ್ನ ತಾಮ್ರದ ಕೊಡದಿಂದ ಬಟ್ಟೆಯ ತುಂಡುಗಳನ್ನು ಚಾಪೆಯ ಮೇಲೆ ಸುರುವಿ ಎಣಿಸಿದರು. ಅವತ್ತಿನಿಂದ ಅಂಟಿಕೊಂಡ ಚಾಳಿ.

ಆಗ ಪೊಲೀಸ್ ಆ್ಯಕ್ಷನ್ ಮುಗಿದು ಎರಡು ಮೂರು ವರ್ಷವಾಗಿತ್ತು. ನಿಜಾಮನ ದರ್ಬಾರು ಹೋಗಿತ್ತು, ಹೈದರಾಬಾದ್ ರಾಜ್ಯ ಮಾತ್ರ ಇನ್ನೂ ಇತ್ತು. ಸರ್ಕಾರದ ದೊಡ್ಡ ಚುನಾವಣೆ ಬರುತ್ತದೆ, ಹೆಂಗಸರೂ ಓಟು ಹಾಕಬೇಕಂತೆ ಎಂಬ ಮಾತು ಊರೆಲ್ಲ ಓಡಾಡುತ್ತಿತ್ತು. ನಾನು ಬೀದರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದೆ. ಇದ್ದೆ ಎನ್ನುವುದೂ ದೊಡ್ಡ ಮಾತೇ. ಜೋಳದ ಚೀಲಗಳಿಗೂ ಅಡುಗೆಮನೆಯ ಬಾಗಿಲಿಗೂ ನಡುವೆ ಇರುವ ಓಣಿಯಂಥ ಜಾಗದಲ್ಲಿ ನನ್ನ ಹಾಸಿಗೆ. ಎಲ್ಲರೂ ಮಲಗಿದ ಮೇಲೆ ಹಾಸಬೇಕು, ಯಾರೂ ಏಳುವ ಮುಂಚೆ ಸುತ್ತಿ ಮೂಲೆಗೆ ನಿಲ್ಲಿಸಬೇಕು. ಅತ್ತಿಗೆ ಕೆಟ್ಟವಳಲ್ಲ. ಆದರೆ ಅವಳ ಕಾಲಿಗೆ ನಾನು ದಿನವೂ ತೊಡರುತ್ತಿದ್ದೆ, ಅದು ನನಗೂ ಕಾಣುತ್ತಿತ್ತು.

ನನ್ನ ಗಂಡನ ಊರು ಔರಾದ. ರಜಾಕಾರರ ಗದ್ದಲದ ದಿನಗಳಲ್ಲಿ ಊರಿನ ಹುಡುಗರ ಜೊತೆ ಗಡಿ ದಾಟಿ ಹೋದವನು. “ಸ್ವಲ್ಪ ದಿವಸದಾಗ ಬರ್ತೇನಿ” ಎಂದು ಹೇಳಿ, ಉಣ್ಣಲಿಕ್ಕೆ ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ಹೋದ. ಆ್ಯಕ್ಷನ್ ಆಯಿತು, ಮಿಲಿಟರಿ ಬಂತು, ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಇವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಔರಾದಿನಲ್ಲಿ ನಾನು ನೀರಿಗೆ ಹೋದರೂ, ಸಂತೆಗೆ ಹೋದರೂ ಒಂದೇ ಪ್ರಶ್ನೆ: “ಬಂದನೇನ?” ಮೊದಮೊದಲು ಮರುಗಿ ಕೇಳುತ್ತಿದ್ದರು. ಆಮೇಲೆ ಆಡಿಕೊಳ್ಳಲಿಕ್ಕೆ ಕೇಳುತ್ತಿದ್ದರು. ಅತ್ತೆ ನನ್ನ ಕಾಲ್ಗುಣದ ಮಾತು ತೆಗೆದ ದಿನ ಅಣ್ಣ ಬಂದು ಕರೆದುಕೊಂಡು ಹೋದ. ಕುಂಕುಮ ಇಟ್ಟುಕೊಂಡರೂ ಮಾತು, ಬಿಟ್ಟರೂ ಮಾತು. ಹಾಂಗಾಗಿ ಸಣ್ಣದಾಗಿ, ಹತ್ತಿರ ಬಂದವರಿಗೆ ಮಾತ್ರ ಕಾಣುವಷ್ಟು ಇಟ್ಟುಕೊಳ್ಳುತ್ತಿದ್ದೆ.

ನಾನು ಹಗಲು ಹೊತ್ತು ಮನುಷ್ಯಳಂತೆ ಇದ್ದದ್ದು ಹೊಲಿಗೆ ಕೇಂದ್ರದಲ್ಲಿ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಒಂದು ಹಳೆಯ ದೊಡ್ಡ ಮನೆಯಲ್ಲಿ ಅದನ್ನು ನಡೆಸುತ್ತಿದ್ದರು. ಆ ಗದ್ದಲದಲ್ಲಿ ಗಂಡಸರನ್ನು ಕಳೆದುಕೊಂಡ ಹೆಂಗಸರು ಹೊಲಿದು ಹೊಟ್ಟೆ ಹೊರೆಯಲಿ ಎಂಬ ಉದ್ದೇಶ. ಇಪ್ಪತ್ತು ಇಪ್ಪತ್ತೈದು ಮಂದಿ ಇದ್ದೆವು. ಲಿಂಗಾಯತರು, ಕುರುಬರು, ಮುಸಲ್ಮಾನರು, ಯಾರು ಬೇಕಾದರೂ. ಸಾಲಿ ಹುಡುಗರ ಅಂಗಿ, ಹೆಂಗಸರ ಕುಬಸ, ಚೀಲ ಹೊಲಿಯುತ್ತಿದ್ದೆವು. ನನ್ನ ಕೈ ಚುರುಕು. ಹೊಸದಾಗಿ ಬಂದವರಿಗೆ ಸೂಜಿ ಹಿಡಿಯುವುದರಿಂದ ಕುಬಸ ಕತ್ತರಿಸುವ ತನಕ ನಾನೇ ಕಲಿಸುತ್ತಿದ್ದೆ. ಎಲ್ಲರಿಗೂ ನಾನು ಅಕ್ಕ. “ಅಕ್ಕಾ ಇದು ನೋಡ್ರಿ, ಅಕ್ಕಾ ಅದು ನೋಡ್ರಿ.” ಸಂಜೆಯಾದರೆ ಮಾತ್ರ ಎರಡು ಮೂರು ಮಂದಿ ಕೂಡಿ ಮಾತಾಡುತ್ತ ತಮ್ಮ ತಮ್ಮ ಓಣಿ ಹಿಡಿಯುತ್ತಿದ್ದರು. ನನ್ನ ದಾರಿಯಲ್ಲಿ ಬರುವವರು ಯಾರೂ ಇರಲಿಲ್ಲ.

ಕೇಂದ್ರ ನೋಡಿಕೊಳ್ಳುತ್ತಿದ್ದವರು ಮೈಸೂರು ಕಡೆಯ ಒಬ್ಬ ಮೇಡಂ. ಆ್ಯಕ್ಷನ್ ಆದ ಮೇಲೆ ಹೊರಗಿನಿಂದ ಬಂದ ಅಧಿಕಾರಿಗಳ ಜೊತೆ ಬಂದವರು. ಓದಿದವರು, ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ. ಅವರ ಕನ್ನಡ ನಮಗೆ, ನಮ್ಮ ಕನ್ನಡ ಅವರಿಗೆ ಅರ್ಧಂಬರ್ಧ. ಕೇಂದ್ರಕ್ಕೆ ಒಬ್ಬ ಮುಖ್ಯಸ್ಥೆ ಬೇಕು, ಅವಳು ಇಲ್ಲೇ ಇದ್ದು ಬೀಗದ ಕೈ ಇಟ್ಟುಕೊಳ್ಳಬೇಕು ಎಂದು ಅವರು ಹಿತ್ತಲ ಕಡೆಯ ಒಂದು ಖೋಲಿಗೆ ಸುಣ್ಣ ಬಳಿಸಿದರು. ಒಬ್ಬರಿಗೆ ಆಗುವಷ್ಟು ಖೋಲಿ. ಒಂದು ಒಲೆ, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಸುಣ್ಣ ಒಣಗುವ ಮುಂಚೆಯೇ ನಾನು ಹೋಗಿ ಆ ಚಿಲಕವನ್ನು ಹಾಕಿ ತೆಗೆದು ನೋಡಿದೆ. ಹುಟ್ಟಿದಾಗಿನಿಂದ ನಾನು ಮುಚ್ಚಿಕೊಳ್ಳಬಹುದಾದ ಬಾಗಿಲು ಅಂತ ಒಂದೂ ಇರಲಿಲ್ಲ. ಆಸೆ ಎಂದರೆ ಏನು ಅಂತ ಅವತ್ತು ಗೊತ್ತಾಯಿತು, ಹೊಟ್ಟೆಯೊಳಗೆ ಹಸಿವಾದಂತೆ ಆಯಿತು.

ಆಸೆ ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದೇ ವಾರ ಅಣ್ಣ ಊಟಕ್ಕೆ ಕೂತಾಗ ಹೇಳಿದ, “ದುಕಾನ ಇಲ್ಲಿ ನಡೆಯಂಗಿಲ್ಲ. ಔರಾದಕ್ಕ ಹೋಗ್ತೇವಿ. ನಿಮ್ಮ ಅತ್ತಿಗಿ ಅಪ್ಪ ಅಲ್ಲಿ ಕಾಳಿನ ವ್ಯಾಪಾರ ಬಿಟ್ಟುಕೊಡ್ತೇನಿ ಅಂದಾನ.”

“ನಾ?” ಎಂದೆ.

“ನೀ ಎಲ್ಲಿರ್ತಿ? ನಮ್ಮ ಕೂಡ ಬರ್ತಿ. ಇಲ್ಲಿ ಒಬ್ಬ ಹೆಣ್ಮಗಳಿಗಿ ಖೋಲಿ ಯಾರ್ ಕೊಡ್ತಾರ?”

ಔರಾದ. ಅದೇ ನೀರಿನ ದಾರಿ, ಅದೇ ಬಾಯಿಗಳು. ಕೇಂದ್ರದ ಖೋಲಿಯ ಮಾತು ತೆಗೆದೆ. ಅದು ಸಿಕ್ಕರೆ ಬೀದರಿನಲ್ಲಿ ಇರಲಿಕ್ಕೆ ಅಡ್ಡಿಯಿಲ್ಲ ಎಂದು ಅಣ್ಣ ಒಪ್ಪಿದ. ಸರ್ಕಾರದ ಮೇಡಂ ಇದ್ದಾರೆ, ಮಾನವಾದ ಜಾಗ, ಯಾರೂ ಬೆರಳು ಮಾಡಿ ತೋರಿಸುವುದಿಲ್ಲ ಎಂಬುದು ಅವನ ಲೆಕ್ಕ. ಸಿಗದಿದ್ದರೆ ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಗಾಡಿ ಕಟ್ಟುವುದು.

ಸರಿ, ಮುಖ್ಯಸ್ಥೆಯನ್ನು ಆರಿಸುವುದು ಹೇಗೆ? ಮೇಡಂ ತಾವೇ ನೇಮಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರಿಗೆ ನಮ್ಮನ್ನು ತಯಾರು ಮಾಡುವ ಹುಮ್ಮಸ್ಸು. “ನಾಳೆ ದೊಡ್ಡ ಚುನಾವಣೆ ಬರುತ್ತೆ. ಈಗಲೇ ಓಟು ಹಾಕೋದು ಕಲೀರಿ” ಎಂದರು. ಮೂರು ಜನ ನಿಂತೆವು. ಒಬ್ಬಳು ನಾನು. ಇನ್ನೊಬ್ಬಳು ಭಾಲ್ಕಿಯವಳು. ಸೋಮವಾರ ರೈಲಿನಲ್ಲಿ ಬಂದು ಶನಿವಾರ ರೈಲಿನಲ್ಲಿ ಹೋಗುವವಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ಮೂರನೆಯವರು ಖಾಲಾ. ನಮ್ಮಲ್ಲೆಲ್ಲ ಹಿರಿಯರು, ಅರವತ್ತು ದಾಟಿದ ಮುಸಲ್ಮಾನ ಹೆಂಗಸು. ಚಿಕ್ಕಮ್ಮ ಎನ್ನುವಂತೆ ಅವರನ್ನು ಎಲ್ಲರೂ ಖಾಲಾ ಎನ್ನುತ್ತಿದ್ದೆವು. ಆ್ಯಕ್ಷನ್ ದಿನಗಳಲ್ಲಿ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡಾಗ ಅವರ ಗಂಡ, ಸಣ್ಣ ಮಗ ಇಬ್ಬರೂ ಜೀವ ಕಳೆದುಕೊಂಡಿದ್ದರು. ದೊಡ್ಡ ಮಗ ಹೈದರಾಬಾದಿಗೆ ಹೋಗಿ, ಅಲ್ಲಿಂದ ಕರಾಚಿಗೆ ಹೋಗಿದ್ದ. ಆದರೂ ಮೈದುನರು, ಸೊಸೆಯರು, ಮೊಮ್ಮಕ್ಕಳು ಅಂತ ತುಂಬಿದ ಮನೆ ಅವರದು ಎಂದು ನಾವೆಲ್ಲ ತಿಳಿದಿದ್ದೆವು. ಮೇಡಂ ಒತ್ತಾಯ ಮಾಡಿದ್ದಕ್ಕೆ ಸುಮ್ಮನೆ ನಿಂತಿದ್ದಾರೆ ಎಂದೇ ನಮ್ಮ ಎಣಿಕೆ. ಅವರಿಗೆ ಖೋಲಿ ಯಾಕೆ ಬೇಕು?

ನಮ್ಮಲ್ಲಿ ಅಕ್ಷರ ಬರುವವರು ಮೂರೋ ನಾಲ್ಕೋ ಮಂದಿ. ಅದಕ್ಕೆ ಮೇಡಂ ಒಂದು ಉಪಾಯ ಹೂಡಿದರು. ಖಾದಿಯ ಒಂದೇ ಅಳತೆಯ ತುಂಡುಗಳು. ಮೇಲಿನ ಅಂಚು ಗೊತ್ತಾಗಲಿ ಎಂದು ಅದನ್ನು ಮಡಿಚಿ ಹೊಲಿಸಿದರು. ಮೂರು ಬಣ್ಣದ ದಾರ. ಯಾರಿಗೆ ಯಾವ ಬಣ್ಣ ಎಂದು ಕಣ್ಣು ಮುಚ್ಚಿ ದಾರದ ಉರುಳೆ ಎತ್ತಿಸಿದರು. ಖಾಲಾಗೆ ಕೆಂಪು, ನನಗೆ ಹಸಿರು, ಭಾಲ್ಕಿಯವಳಿಗೆ ಹಳದಿ ಬಂತು. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ತುಂಡಿನ ಮೇಲೆ ಮೂರು ಸಾಲು ಹೊಲಿಯಬೇಕು. ಎಲ್ಲರಿಗಿಂತ ಮುಂಚೆ ಯಾರು ಬೇಕೋ ಅವರ ದಾರ ಮೇಲೆ, ಅವರಾಗದಿದ್ದರೆ ಯಾರು ಎನ್ನುವುದು ಅದರ ಕೆಳಗೆ, ಉಳಿದವರದು ಕೊನೆಗೆ. ಹೊಲಿದು ಕೊಡದೊಳಗೆ ಹಾಕಿ ಬರುವುದು.

“ಮೊದಲು ಎಲ್ಲ ತುಂಡುಗಳ ಮೇಲಿನ ದಾರ ಮಾತ್ರ ಎಣಿಸ್ತೀವಿ. ಅರ್ಧಕ್ಕಿಂತ ಹೆಚ್ಚು ತುಂಡುಗಳಲ್ಲಿ ಒಬ್ಬರದೇ ದಾರ ಮೇಲಿದ್ದರೆ ಅವರೇ ಗೆದ್ದಂಗೆ, ಕೆಳಗಿನದನ್ನ ನೋಡೋದೇ ಇಲ್ಲ” ಎಂದು ಮೇಡಂ ತಿಳಿಸಿ ಹೇಳಿದರು. “ಹಾಗೆ ಯಾರಿಗೂ ಬರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವರನ್ನ ಬಿಟ್ಟುಬಿಡ್ತೀವಿ. ಅವರನ್ನ ಮೇಲೆ ಹಾಕಿದ್ದ ತುಂಡುಗಳಲ್ಲಿ ಎರಡನೇ ದಾರ ಯಾರದು ಅಂತ ನೋಡಿ ಅವರಿಗೆ ಸೇರಿಸ್ತೀವಿ. ತಿಳೀತಾ?”

“ಹೌದ್ರೀ ಮೇಡಂ” ಎಂದು ಎಲ್ಲರೂ ಒಟ್ಟಿಗೆ ತಲೆಯಾಡಿಸಿದೆವು. ಮಷೀನುಗಳು ಓಡುತ್ತಿದ್ದವು, ಒಬ್ಬಳ ಕೂಸು ಅಳುತ್ತಿತ್ತು, ಮೇಡಂ ಕನ್ನಡ ಬೇರೆ. ತಿಳಿದವರು ಯಾರು! ಮೂರೂ ದಾರ ಕೂಡಿಸಿ ಏನೋ ಲೆಕ್ಕ ಹಾಕುತ್ತಾರೆ ಎಂದು ನಾನೂ ತಿಳಿದುಕೊಂಡೆ. ಕಲಿಸುವವಳು ನಾನು, ನನಗೇ ತಿಳಿಯಲಿಲ್ಲ ಎಂದು ಎದ್ದು ಕೇಳುವುದು ಹೇಗೆ?

ಬುತ್ತಿ ಬಿಚ್ಚಿದಾಗ ಖಾಲಾ ನಮಾಜಿಗೆ ಒಳಗೆ ಹೋಗಿದ್ದರು. ಮನ್ನಳ್ಳಿಯಿಂದ ಬರುತ್ತಿದ್ದ ಕುರಿಗಾರರ ಮನೆಯ ಹೆಂಗಸೊಬ್ಬಳು, ನಾನೇ ಹೊಲಿಗೆ ಕಲಿಸಿದವಳು, ರೊಟ್ಟಿ ಮುರಿಯುತ್ತ ಎಲ್ಲರ ಪರವಾಗಿ ತೀರ್ಮಾನ ಹೇಳಿಬಿಟ್ಟಳು.

“ಮದಲನೇ ದಾರ ಹಿರೇರಿಗಿ. ಖಾಲಾ ಇರೋತನಕ ಮತ್ತೊಬ್ರಿಗಿ ಮದಲ ಹ್ಯಾಂಗ ಹಾಕ್ಬೇಕು? ಅದು ಮರ್ಯಾದಿ. ಎರಡನೇ ದಾರ ನಮ್ಮ ಅಕ್ಕಗ. ಅದು ನಮ್ಮ ಮನಸ್ಸು.”

“ಹೌದ ಹೌದ” ಎಂದರು ಎಲ್ಲರೂ.

ಭಾಲ್ಕಿಯವಳು ಮಾತ್ರ, “ನನಗರ ಮ್ಯಾಲಿಂದೇ ಹಾಕ್ರವಾ. ನಾ ಏನ್ ನಾಚ್ಕೊಳಂಗಿಲ್ಲ. ಎರಡನೇದು ತಗೊಂಡು ಏನ್ ಉಪ್ಪಿನಕಾಯಿ ಹಾಕ್ಲಿ?” ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟವಳು ಎಂದುಕೊಂಡೆ. ಮನ್ನಳ್ಳಿಯವಳ ಮಾತು ಕೇಳಿ ನನಗಂತೂ ಖೋಲಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಷ್ಟು ಸಂತೋಷವಾಗಿತ್ತು. ಇಷ್ಟು ಮಂದಿಯ ಮನಸ್ಸು ನನ್ನದು! ಅವತ್ತು ಸಂಜೆ ಮನೆಗೆ ಒಬ್ಬಳೇ ನಡೆದು ಹೋಗುವಾಗ ದಾರಿ ಉದ್ದ ಎನಿಸಲಿಲ್ಲ.

ಮರುದಿನ ಓಟು. ನನ್ನ ಸರದಿ ಬಂದಾಗ ಪರದೆಯ ಹಿಂದೆ ಹೋಗಿ ಸೂಜಿ ಕೈಗೆತ್ತಿಕೊಂಡೆ. ಹಸಿರು ಉರುಳೆಯ ಮೇಲೆ ಕೈ ಹೋಯಿತು. ಛೀ, ತನ್ನ ಹೆಸರನ್ನು ತಾನೇ ಮೇಲೆ ಇಟ್ಟುಕೊಳ್ಳುವುದೇ? ನಾಲ್ಕು ಮಂದಿಯ ಪಂಕ್ತಿಯಲ್ಲಿ ತಾನೇ ಮೊದಲು ಬಡಿಸಿಕೊಂಡಂತೆ. ಕೆಂಪು ಮೇಲೆ ಹೊಲಿದೆ, ಹಸಿರು ಕೆಳಗೆ, ಹಳದಿ ಕೊನೆಗೆ. ಹೊಲಿಗೆ ಚೆನ್ನಾಗಿ ಬಂತು. ಕೊಡಕ್ಕೆ ಹಾಕಿ ಹೊರಗೆ ಬಂದೆ.

ಊಟವಾದ ಮೇಲೆ ಕೊಡ ಬೋರಲು ಹಾಕಿದರು. ಮೇಡಂ ಒಂದೊಂದೇ ತುಂಡು ಎತ್ತಿ ಮಡಿಚಿದ ಅಂಚು ಮೇಲೆ ಬರುವಂತೆ ಹಿಡಿದು, ಮೇಲಿನ ಸಾಲಿನ ಬಣ್ಣವನ್ನಷ್ಟೇ ಕೂಗಿ ಹೇಳಿ ಚಾಪೆಯ ಮೇಲೆ ಮೂರು ಕಡೆ ಇಡುತ್ತ ಹೋದರು. ಕೆಂಪು. ಕೆಂಪು. ಹಳದಿ. ಕೆಂಪು. ಕೆಂಪು. ಹಳದಿ. ನಾನು ಕಾಯುತ್ತಿದ್ದೆ, ಇದು ಮರ್ಯಾದೆಯ ದಾರ, ಇದಾದ ಮೇಲೆ ಮನಸ್ಸಿನ ದಾರ ಎಣಿಸುತ್ತಾರೆ ಎಂದು. ಕೆಂಪು ಗುಡ್ಡೆ ಬೆಳೆಯಿತು. ಹಳದಿಯೂ ಒಂದಷ್ಟು ಆಯಿತು. ಹಸಿರಿನ ಜಾಗದಲ್ಲಿ ಬರೀ ಚಾಪೆ ಕಾಣುತ್ತಿತ್ತು. ಕೊನೆಕೊನೆಗೆ ಒಂದೇ ಒಂದು ತುಂಡು ಅಲ್ಲಿ ಬಂದು ಕೂತಿತು.

ಮೇಡಂ ಕೈ ಒರೆಸಿಕೊಂಡು, “ಅರ್ಧಕ್ಕಿಂತ ಎಷ್ಟೋ ಹೆಚ್ಚು ಕೆಂಪೇ ಇದೆ. ಇನ್ನೇನು ನೋಡೋದಿಲ್ಲ. ಖಾಲಾ ಗೆದ್ದರು” ಎಂದು ಚಪ್ಪಾಳೆ ತಟ್ಟಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಖಾಲಾ ಸೆರಗು ಬಾಯಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಎದ್ದು, ಎಲ್ಲರಿಗೂ ಕೈ ಎತ್ತಿ ಸಲಾಂ ಮಾಡಿ, ಬುರ್ಖಾ ಹಾಕಿಕೊಂಡು ಮನೆಗೆ ಹೋಗಿಬಿಟ್ಟರು. ಅವರು ಬಾಗಿಲು ದಾಟಿದ ಮೇಲೆ ಗದ್ದಲ ಎದ್ದಿತು.

“ಮೇಡಂ, ಎರಡನೇದು ಎಣಸ್ರಲಾ!” ಎಂದಳು ಮನ್ನಳ್ಳಿಯವಳು.

“ಎಣಿಸೋ ಹಾಗಿಲ್ಲಮ್ಮ. ನಿನ್ನೆ ಹೇಳಲಿಲ್ಲವಾ? ಮೇಲಿನದರಲ್ಲೇ ತೀರ್ಮಾನ ಆಯ್ತು. ಯಾಕೆ, ನಿಮಗೆ ಯಾರು ಬೇಕಿತ್ತು?”

“ಅಕ್ಕನೇ ಬೇಕಿತ್ರಿ!”

“ಮತ್ತೆ ಅವರನ್ನ ಯಾಕೆ ಮೇಲೆ ಹಾಕಲಿಲ್ಲ?”

“ಅಯ್ಯ ಶಿವನ, ಹೆಂಚಿನಿಂದ ತೆಗೆದ ಮದಲನೇ ರೊಟ್ಟಿ ಯಾರರ ತಾವು ತಿಂತಾರೇನ್ರಿ? ಅದು ದೇವರಿಗಿ, ಜಂಗಮರಿಗಿ, ಆಕಳಿಗಿ ಎತ್ತಿ ಇಡ್ತೇವಿ. ಎರಡನೇದರಿಂದ ನಮ್ಮ ಊಟ. ಹಾಂಗೇ ಅಲ್ಲೇನ್ರಿ ಇದು?”

ಮೇಡಂ ಕೂತು ಆ ಕೆಂಪು, ಹಳದಿ ಗುಡ್ಡೆಗಳ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕೆಂಪಿನ ಕೆಳಗೆ ಹಸಿರು. ಕೆಂಪಿನ ಕೆಳಗೆ ಹಸಿರು. ಹಳದಿಯ ಕೆಳಗೂ ಹಸಿರೇ. ಇಷ್ಟು ಹಸಿರು ಆ ಚಾಪೆಯ ಮೇಲೆ ಇತ್ತು, ಒಂದಕ್ಕೂ ಬೆಲೆ ಇರಲಿಲ್ಲ. ಖಾಲಾಗೆ ಅರ್ಧ ಆಗದೆ ಹೋಗಿದ್ದರೂ, ಎಲ್ಲರಿಗಿಂತ ಕಡಿಮೆ ಬಂದವಳು ಎಂದು ಮೊದಲು ಹೊರಗೆ ಹೋಗುತ್ತಿದ್ದವಳು ನಾನೇ. ಅದನ್ನೂ ಮೇಡಂ ಮೆತ್ತಗೆ ತಿಳಿಸಿದರು. ಮನುಷ್ಯರು ಒಳ್ಳೆಯವರಾದರೂ ಕೆಲವು ಮಾತು ಹೇಳದೆ ಬಿಡಬೇಕು.

ಮತ್ತೊಮ್ಮೆ ಹೊಲಿಯೋಣ ಎಂದು ಯಾರೋ ಸಣ್ಣಗೆ ಅಂದರು. ಈ ಎರಡು ಮೂರು ವರ್ಷದಲ್ಲಿ ಆಗಿಹೋದದ್ದೆಲ್ಲ ಆದ ಮೇಲೆ, ಖಾಲಾಗೆ ಕೊಟ್ಟದ್ದನ್ನು ಅವರ ಕೈಯಿಂದ ಕಿತ್ತುಕೊಳ್ಳುವವರು ಯಾರು? ಅವರಿಗೇಕೆ ಕೊಡಲಿಲ್ಲ ಎಂದು ಊರು ಕೇಳಿದರೆ ಏನು ಹೇಳುವುದು? ನಾನೇ, “ಬ್ಯಾಡ, ಆದದ್ದು ಆಯ್ತು” ಎಂದೆ. ಹೇಳಿದವಳೇ ಎದ್ದು ಹಿತ್ತಲಿಗೆ ಹೋಗಿ, ನಲ್ಲಿಯ ಹತ್ತಿರ ಮುಖ ತೊಳೆಯುವ ನೆವದಲ್ಲಿ ಅತ್ತೆ.

ಸಂಜೆಯೊಳಗೆ ನಾಲ್ಕೈದು ಮಂದಿ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದರು. “ಅಕ್ಕಾ, ಆ ಒಂದು ಹಸರ ನಂದೇ ರಿ. ಯಾರಿಗೂ ಹೇಳಬ್ಯಾಡ್ರಿ. ನೀವಂದ್ರ ನಮಗ ಬಾಳ ಜೀವ.” ಪ್ರತಿಯೊಬ್ಬಳಿಗೂ, “ಆಗಲವಾ, ತಾಯಿ” ಎಂದೆ. ಒಂದು ತುಂಡಿಗೆ ಎಷ್ಟು ಜನ ತಾಯಂದಿರು! ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಅದೂ ಹೋಯಿತು. ಎಲ್ಲರೂ ಹೋದ ಮೇಲೆ ಆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದೆ. ಬಲಗೈಯಲ್ಲಿ ಹೊಲಿಯುವವರು ಬಲಗಡೆಯಿಂದ ಎಡಕ್ಕೆ ಹೋಗುತ್ತಾರೆ, ಗಂಟು ಬಲಗಡೆ ಬೀಳುತ್ತದೆ. ಈ ತುಂಡಿನ ಮೂರೂ ಗಂಟು ಎಡಗಡೆ ಇದ್ದವು. ನಮ್ಮಲ್ಲಿ ಎಡಗೈಯಿಂದ ಹೊಲಿಯುವವರು ಒಬ್ಬರೇ, ಖಾಲಾ.

ಹಸಿರು ಮೇಲೆ, ಹಳದಿ ನಡುವೆ. ಅವರದೇ ಕೆಂಪು ಎಲ್ಲಕ್ಕೂ ಕೆಳಗೆ.

ಮರುದಿನ ಶುಕ್ರವಾರ, ಖಾಲಾ ಬರುವ ದಿನವಲ್ಲ. ಮಧ್ಯಾಹ್ನ ಕೆಲಸ ಬಿಟ್ಟು ಅವರ ಮನೆ ಹುಡುಕಿಕೊಂಡು ಹೋದೆ. ಕೇಂದ್ರದಿಂದ ಕೂಗಿದರೆ ಕೇಳುವಷ್ಟು ದೂರ. ಆದರೂ ಆ ಓಣಿಗೆ ನಾನು ಹೋಗಿರಲಿಲ್ಲ, ನಮ್ಮವರು ಯಾರೂ ಹೋಗಿರಲಿಲ್ಲ. ಆ್ಯಕ್ಷನ್ ಆದ ಮೇಲೆ ಆ ಕಡೆ ಹೋಗುವುದು ಬಿಟ್ಟುಹೋಗಿತ್ತು. ಯಾರೂ ಬೇಡ ಎಂದಿರಲಿಲ್ಲ, ಹಾಗೇ ಬಿಟ್ಟುಹೋಗಿತ್ತು. ಏನು ಕೇಳಬೇಕೆಂದು ಹೊರಟಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಖೋಲಿ ಬಿಟ್ಟುಕೊಡ್ರಿ ಎಂದು ಕಾಲಿಗೆ ಬೀಳಬೇಕೆಂದು ಮನಸ್ಸಿನಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. ತುಂಬಿದ ಮನೆಯವರು, ನನಗೇ ಮೇಲಿನ ದಾರ ಹಾಕಿದವರು, ಇಲ್ಲ ಎನ್ನಲಾರರು.

ದೊಡ್ಡ ಬಾಗಿಲು ತೆರೆದೇ ಇತ್ತು. ಒಳಗೆ ದೊಡ್ಡ ಅಂಗಳ, ಸುತ್ತ ಖೋಲಿಗಳು. ಒಂದಕ್ಕೆ ಬೀಗ. ಮತ್ತೊಂದಕ್ಕೆ ಬೀಗ. ಅದರ ಪಕ್ಕದ್ದಕ್ಕೂ ಬೀಗ. ಅಂಗಳದಲ್ಲಿ ಒಂದೇ ಒಂದು ಜೊತೆ ಚಪ್ಪಲಿ ಬಿದ್ದಿತ್ತು. ಒಣಹಾಕಿದ ಬಟ್ಟೆಯೂ ಒಬ್ಬರದೇ.

“ಖಾಲಾ” ಎಂದು ಕರೆದೆ. ನನ್ನ ದನಿ ಆ ಅಂಗಳದಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ನಾನೇ ಬೆಚ್ಚಿದೆ.

ಖಾಲಾ ಮೂಲೆಯ ಖೋಲಿಯಿಂದ ಓಡಿಬಂದರು. ಆ ವಯಸ್ಸಿನಲ್ಲಿ ಓಡಿಯೇ ಬಂದರು. “ಆವೋ ಬೇಟಿ, ಆವೋ” ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ಕೂಡಿಸಿದರು. ನೀರು ಕೊಟ್ಟರು. ಕೊಟ್ಟ ಮೇಲೆ ನಾನು ಕುಡಿಯುತ್ತೇನೋ ಇಲ್ಲವೋ ಎಂದು ನೋಡಿದರು. ಕುಡಿದೆ.

“ಮಂದಿ ಎಲ್ಲಿ ರಿ ಖಾಲಾ?”

“ಎಲ್ಲಾರೂ ಹೋದ್ರು. ಮದಲ ಸಣ್ಣ ಮೈದುನಾ, ಹೈದರಾಬಾದಿಗಿ. ಆಮ್ಯಾಲ ದೊಡ್ಡ ಮೈದುನನ ಮಂದಿ. ಸೊಸಿ ತವರಿಗಿ ಹೋದ್ಳು. ನನಗೂ ಬಾ ಅಂದ್ರು, ನಾನೇ ಒಲ್ಲೆ ಅಂದೆ. ಯಜಮಾನರ ಗೋರಿ ಇಲ್ಲೇ ಅದ. ಅವರೆಲ್ಲಾ ಹೋಗಿ ಒಂದು ವರ್ಷ ಆಗ್ಲಿಕ್ಕ ಬಂತು.”

ಒಂದು ವರ್ಷ. ದಿನವೂ ಪಕ್ಕದಲ್ಲಿ ಕೂತು ಹೊಲಿದಿದ್ದೆ. ಮನ್ಯಾಗ ಎಲ್ಲಾರೂ ಆರಾಮೇನ್ರಿ ಎಂದು ಕೇಳುತ್ತಿದ್ದೆ. ಆರಾಮ ಬೇಟಿ ಎನ್ನುತ್ತಿದ್ದರು. ಕೇಳಿದ್ದೂ ಮರ್ಯಾದೆಗೆ, ಹೇಳಿದ್ದೂ ಮರ್ಯಾದೆಗೆ.

“ಆ ಹಸರ ದಾರ ನೀವು ಹಾಕಿದ್ದಲಾ ರಿ?” ಎಂದೆ.

ಖಾಲಾ ನಕ್ಕರು. “ಗಂಟು ನೋಡ್ದಿ? ಚೋರ್ ಇದ್ದಿ ನೀ. ನಾ ಮೇಡಂಗ ಹೋಗಿ ಕೇಳ್ದೆ, ಗಿಣತಿ ಹ್ಯಾಂಗ ಮಾಡ್ತೀರಿ ಅಂತ. ಮದಲ ಮ್ಯಾಲಿಂದೇ ಎಣಸ್ತೇವಿ ಅಂದ್ರು. ಅದಕ ನಿನಗ ಮ್ಯಾಲ ಹಾಕ್ದೆ. ಖೋಲಿ ಇಲ್ದಿದ್ರ ನೀ ಔರಾದಕ್ಕ ಹೋಗ್ಬೇಕಾಗ್ತದ ಅಂತ ನನಗ ಗೊತ್ತಿತ್ತು.”

“ನಿಮಗ ಖೋಲಿ ಬ್ಯಾಡಾಗಿತ್ತೇನ್ರಿ?”

ನನ್ನ ಕಣ್ಣು ಆಗಲೇ ಅವರ ಹಿಂದೆ ಹೋಗಿತ್ತು. ಗೋಡೆಯ ಹತ್ತಿರ ತಗಡಿನ ಪೆಟ್ಟಿಗೆ ಕಟ್ಟಿ ಇಟ್ಟಿತ್ತು. ಅದರ ಮೇಲೆ ಹಾಸಿಗೆಯ ಸುರುಳಿ, ಹಗ್ಗ ಬಿಗಿದು, ಹೊರಡಲಿಕ್ಕೆ ತಯಾರಾಗಿ. ನಾನು ನೋಡಿದ್ದನ್ನು ಅವರೂ ನೋಡಿದರು, ಹೋಗಿ ಅದಕ್ಕೆ ಅಡ್ಡ ನಿಂತರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಅವರದು.

“ನಾಳಿ ಮೇಡಂಗ ಹೇಳ್ತೇನಿ, ಖೋಲಿ ನಕ್ಕೋ, ನನಗ ಬ್ಯಾಡ, ಆಕಿಗಿ ಕೊಡ್ರಿ ಅಂತ” ಎಂದರು. “ಈ ಗಂಟುಮೂಟಿ ಸುಮ್ನೆ ಕಟ್ಟೇನಿ. ನಿನ್ನಿ ಖುಷಿ ಆಗಿತ್ತು, ಅದಕ. ಖೋಲಿದು ಖುಷಿ ಅಲ್ಲ ಬೇಟಿ. ನನಗ ಯಾರೂ ಹಾಕಂಗಿಲ್ಲ ಅಂತ ತಿಳ್ಕೊಂಡಿದ್ದೆ. ಆ ದಿವಸ ಎಲ್ಲಾ ಆದ ಮ್ಯಾಲ ಈ ಊರಾಗ ನನಗ ಮದಲ ಯಾರ್ ಹಾಕ್ತಾರ? ಒಂದು ದಾರಾನೂ ಬರಂಗಿಲ್ಲ ಅಂತಿದ್ದೆ. ನೋಡಿದ್ರ ಕೆಂಪ, ಕೆಂಪ, ಕೆಂಪ. ಇಷ್ಟ್ ಮಂದಿ! ಇಷ್ಟ್ ಮಂದಿಗಿ ನಾ ಬೇಕಾಗೇನಿ!” ನನ್ನ ಕಡೆ ಬಾಗಿದರು. “ನೀನೂ ನನಗೇ ಮದಲ ಹಾಕಿದ್ದಿ ಏನ?”

ಬಾಯಿ ತನಕ ಬಂದಿತ್ತು. ಮದಲನೇ ರೊಟ್ಟಿಯ ಮಾತು, ಕೆಂಪಿನ ಕೆಳಗಿನ ಹಸಿರು, ಎಲ್ಲವೂ. ಒಂದು ಮಾತು ಹೇಳಿದ್ದರೆ ಖೋಲಿ ನನ್ನದು. ಹೇಳದೆ ಸುಮ್ಮನಿದ್ದಿದ್ದರೂ ನನ್ನದೇ, ಅವರೇ ಬಿಟ್ಟುಕೊಡಲಿಕ್ಕೆ ಹೊರಟಿದ್ದರಲ್ಲ. ಇಬ್ಬರೂ ಕೂಡಿ ಇರಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಖೋಲಿ ಒಬ್ಬರಿಗೇ ಎಂದು ಮೇಡಂ ಮೊದಲೇ ಹೇಳಿದ್ದರು. ಅವರು ಒಪ್ಪಿದ್ದರೂ, ಒಂದೇ ಒಲೆಯ ಮೇಲೆ ನಾವಿಬ್ಬರೂ ಬೇಯಿಸಿಕೊಂಡರೆ ಅಣ್ಣ ಅವತ್ತೇ ಕೂದಲು ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ಆ ಕಾಲ ಹಾಗಿತ್ತು.

“ಹೂನ್ರಿ ಖಾಲಾ. ನಾನೂ ನಿಮಗೇ ಮದಲ ಹಾಕಿದ್ದೆ” ಎಂದೆ. “ಎಲ್ಲಾರೂ ಮನಸ್ಸಿಟ್ಟು ಹಾಕ್ಯಾರ. ಬ್ಯಾಡ ಅನಬ್ಯಾಡ್ರಿ, ಬ್ಯಾಸರ ಮಾಡ್ಕೋತಾರ.”

“ಮತ್ತ ನೀ?”

“ನನ್ನ ಚಿಂತ್ಯಾಕ್ರಿ? ಅಣ್ಣ ಔರಾದಿನಾಗ ನನಗ ಬ್ಯಾರೆ ಖೋಲಿನೇ ಮಾಡಿಸ್ಲಿಕ್ಕತ್ಯಾನ. ನಿನ್ನಿ ಹೇಳ್ದ. ಅದನ್ನ ಹೇಳಿ ಹೋಗಬೇಕಂತನೇ ಬಂದೆ.”

“ಖರೇ?”

“ಖರೇ ರಿ.”

ಖಾಲಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ, ನಂಬಬೇಕೆಂದು ನಂಬಿದರೋ. ಆಮೇಲೆ ಹಾಸಿಗೆಯ ಸುರುಳಿಯ ಮೇಲೆ ಕೈ ಇಟ್ಟು ಸಣ್ಣ ಹುಡುಗಿಯಂತೆ ಕೇಳಿದರು, “ಹಂಗಿದ್ರ ಹೇಳು, ಆ ಖೋಲ್ಯಾಗ ಹಾಸಿಗಿ ಯಾವ ಕಡಿ ಹಾಕ್ಲಿ? ಕಿಟಕಿ ಕಡಿ ಹಾಕ್ಲೇನ?”

“ಕಿಟಕಿ ಕಡಿ ಬ್ಯಾಡ್ರಿ, ಗಾಳಿ ಬರ್ತದ. ಆಚೀಕಡಿ ಮಷೀನ್ ಇರೋ ಗ್ವಾಡಿ ಕಡಿ ಹಾಕ್ರಿ” ಎಂದೆ. “ಮುಂಜಾನೆ ನಮ್ಮ ಮಂದಿ ಬಂದು ಕೂತ್ರ, ಮಲ್ಕೊಂಡಲ್ಲಿಂದೇ ಮಾತು ಕೇಳಿಸ್ತದ.”